ಹಳೇ ಚೈನ್‌ಸಾ ಮುಗ್ಗರಿಸುತ್ತಿದೆಯೇ? ಸ್ಕ್ರೂಡ್ರೈವರ್ ಆಮೇಲೆ ಎತ್ತಿಕೊಳ್ಳಿ

ಹಳೇ ಚೈನ್‌ಸಾ ಸ್ವಲ್ಪ ತಕರಾರು ಮಾಡಿದರೆ ಸಾಕು, ಎಲ್ಲರ ಕೈಯೂ ನೇರ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್‌ನ ಸ್ಕ್ರೂಗೇ ಹೋಗುತ್ತದೆ. ಈ ಕಡೆ ಅರ್ಧ ಸುತ್ತು, ಆ ಕಡೆ ಕಾಲು ಸುತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸ್ಕ್ರೂ ಮೊದಲು ಎಲ್ಲಿತ್ತು ಅನ್ನುವುದೇ ನೆನಪಿರುವುದಿಲ್ಲ. ನಿನ್ನೆಯವರೆಗೆ ಚೆನ್ನಾಗಿ ಓಡುತ್ತಿದ್ದ ಮೆಷಿನ್‌ನ ಸ್ಕ್ರೂ ತಾನಾಗಿ ಅಷ್ಟು ತಿರುಗಿರುವುದಿಲ್ಲ, ಅಲ್ವಾ? ಬೇರೇನೋ ಕೆಟ್ಟಿರುತ್ತದೆ. ಮೊದಲು ಅದನ್ನು ಹುಡುಕಬೇಕು.

ಬಿಚ್ಚುವ ಮೊದಲು ಎಂಜಿನ್ ತಣ್ಣಗಾಗಲಿ, ಪ್ಲಗ್‌ನ ವೈರ್ ಎಳೆದಿಡಿ.

1. ಚೈನ್ ನೋಡಿ

ಹೌದು, ಎಂಜಿನ್ ಅಲ್ಲ, ಚೈನ್. ಹರಿತ ಇದ್ದರೆ ಮರದಿಂದ ಚಕ್ಕೆ ಉದುರುತ್ತದೆ, ಮೊಂಡಾಗಿದ್ದರೆ ಹಿಟ್ಟಿನಂಥ ಪುಡಿ. ಪುಡಿ ಬರುತ್ತಿದ್ದರೆ ಅರ ಹಾಕಿ ಹರಿತ ಮಾಡಿ, ಆಮೇಲೆ ‘ಪವರ್ ಇಲ್ಲ’ ಅನ್ನಿ.

2. ಪೆಟ್ರೋಲ್ ಚೆಲ್ಲಿ

ಟ್ಯಾಂಕ್‌ನಲ್ಲಿ ತಿಂಗಳಿಗಿಂತ ಹಳೆಯ ಪೆಟ್ರೋಲ್-ಆಯಿಲ್ ಮಿಶ್ರಣ ಇದ್ದರೆ ತೆಗೆದುಬಿಡಿ. ಈಗಿನ ಪೆಟ್ರೋಲ್‌ನಲ್ಲಿ ಸಾಮಾನ್ಯವಾಗಿ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಮಿಶ್ರಣವನ್ನು ಅಳತೆ ಮಾಡಿಯೇ ಕಲಸಿ. 50:1 ಅಂದರೆ ಲೀಟರ್‌ಗೆ 20 ಮಿಲಿ ಟೂ-ಸ್ಟ್ರೋಕ್ ಆಯಿಲ್, 25:1 ಅಂದರೆ 40 ಮಿಲಿ. ನಿಮ್ಮ ಮಾಡೆಲ್‌ಗೆ ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿದೆ. ‘ಇರಲಿ, ಎಂಜಿನ್‌ಗೆ ಒಳ್ಳೇದು’ ಅಂತ ಜಾಸ್ತಿ ಆಯಿಲ್ ಸುರಿಯಬೇಡಿ. ಆಯಿಲ್ ಹೆಚ್ಚಾದಷ್ಟು ಕಾರ್ಬುರೇಟರ್‌ನ ಅದೇ ತೂತಿನಲ್ಲಿ ಹೋಗುವ ಪೆಟ್ರೋಲ್ ಕಮ್ಮಿಯಾಗುತ್ತದೆ, ಜೊತೆಗೆ ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ. ಸುರಿದರೆ ಸಾಕು, ಎಲ್ಲ ಸರಿಹೋಗುತ್ತದೆ ಅನ್ನುವ ಬಾಟಲಿಗಳನ್ನು ನಾನು ನಂಬುವುದಿಲ್ಲ.

3. ಫಿಲ್ಟರ್, ಪ್ಲಗ್, ಜಾಲರಿ

ಏರ್ ಫಿಲ್ಟರ್ ತೊಳೆಯಿರಿ ಇಲ್ಲವೇ ಬದಲಿಸಿ. ಪ್ಲಗ್‌ನ ತುದಿ ಕಂದು ಬಣ್ಣಕ್ಕಿದ್ದರೆ ಸರಿ, ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಚಿಕೊಂಡಿದ್ದರೆ ಕಮ್ಮಿ. ಹಳೆಯದಾಗಿದ್ದರೆ ಹೊಸದನ್ನೇ ಹಾಕಿ, ಅಗ್ಗದ ಬಾಬತ್ತು. ಸೈಲೆನ್ಸರ್ ಬಾಯಲ್ಲಿರುವ ಸಣ್ಣ ಜಾಲರಿ ಮಸಿ ಕಟ್ಟಿ ಮುಚ್ಚಿಕೊಂಡಿದ್ದರೆ ಬ್ರಷ್‌ನಿಂದ ಉಜ್ಜಿ.

4. ಪೆಟ್ರೋಲ್ ಬರುವ ದಾರಿ

ಟ್ಯಾಂಕ್ ಒಳಗೆ ಪೈಪಿನ ತುದಿಯಲ್ಲಿ ಪುಟ್ಟ ಫಿಲ್ಟರ್ ಇದೆ. ತುದಿ ಬಗ್ಗಿಸಿದ ತಂತಿಯಿಂದ ಮೆಲ್ಲಗೆ ಎಳೆದು ಬದಲಿಸಿ. ಪೈಪನ್ನು ಟ್ಯಾಂಕಿಗೆ ನುಗ್ಗುವ ಜಾಗದಲ್ಲಿ ಬೆರಳಿನಿಂದ ಬಗ್ಗಿಸಿ ನೋಡಿ. ಸುಮ್ನೆ ನೋಡಿದರೆ ಬಿರುಕು ಕಾಣುವುದಿಲ್ಲ, ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತದೆ.

ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ತಾನಾಗಿ ನಿಂತುಹೋಗುತ್ತದೆಯೇ? ಮೆಷಿನ್ ತಣ್ಣಗಾದ ಮೇಲೆ ಟ್ಯಾಂಕಿನ ಮುಚ್ಚಳ ನಿಧಾನ ತೆರೆಯಿರಿ. ಗಾಳಿ ‘ಸುಂಯ್’ ಎಂದು ಒಳಗೆ ಹೋಗಿ, ಆಮೇಲೆ ಮೆಷಿನ್ ಸರಾಗ ಓಡಿದರೆ ಟ್ಯಾಂಕಿನ ಗಾಳಿ ದಾರಿ ಕಟ್ಟಿದೆ.

ಇಷ್ಟಾದರೂ ಸರಿಯಾಗದಿದ್ದರೆ ಕಾರ್ಬುರೇಟರ್ ಬಿಚ್ಚಿ. ಒಳಗಿನ ಡಯಾಫ್ರಾಮ್ ಅನ್ನುವ ತೆಳು ಪೊರೆ ಮೆತ್ತಗೆ ಬಾಗಬೇಕು. ಒತ್ತಿದಾಗ ಚರಚರ ಸದ್ದು ಬಂದರೆ ಅದು ಗಟ್ಟಿಯಾಗಿದೆ, ರಿಪೇರಿ ಕಿಟ್ ತಂದು ಬದಲಿಸಿ. ತೂತುಗಳಿಗೆ ತಂತಿ ತೂರಿಸಬೇಡಿ, ಕ್ಲೀನರ್ ಸ್ಪ್ರೇ ಸಾಕು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ನಕಲಿ ಕಾರ್ಬುರೇಟರ್‌ಗಿಂತ ಕಿಟ್ ಹಾಕಿದ ಹಳೇ ಅಸಲಿಯೇ ಮೇಲು.

5. ಈಗ ಸ್ಕ್ರೂ

ಜನ ಎಡವುವುದು ಇಲ್ಲೇ. ಸಾಮಾನ್ಯವಾಗಿ ಮೂರು ಸ್ಕ್ರೂ ಇರುತ್ತವೆ. ‘ಎಲ್’ ಕಡಿಮೆ ವೇಗಕ್ಕೆ, ‘ಎಚ್’ ಪೂರ್ತಿ ವೇಗಕ್ಕೆ, ಮೂರನೆಯದು ಐಡಲ್‌ಗೆ, ಅಂದರೆ ಟ್ರಿಗರ್ ಬಿಟ್ಟಾಗಿನ ವೇಗಕ್ಕೆ. ಎಲ್, ಎಚ್ ಎರಡನ್ನೂ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ, ಎಡಕ್ಕೆ ತಿರುಗಿಸಿದರೆ ಜಾಸ್ತಿ.

ಮೊದಲು ಎಲ್, ಎಚ್ ಎರಡನ್ನೂ ಒಂದೊಂದಾಗಿ ಬಲಕ್ಕೆ ಮೆಲ್ಲಗೆ ಕೂರಿಸಿ, ಎಷ್ಟು ಸುತ್ತಾಯಿತು ಎಂದು ಬರೆದಿಡಿ. ಬಿಗಿಯಾಗಿ ತಿರುಗಿಸಿದರೆ ಸ್ಕ್ರೂನ ಸೂಜಿಮೊನೆ ಹಾಳು. ಆಮೇಲೆ ಮ್ಯಾನ್ಯುಯಲ್ ಹೇಳಿದಷ್ಟು ಹೊರಗೆ ತನ್ನಿ. ಬಹಳ ಮಾಡೆಲ್‌ಗಳಲ್ಲಿ ಅದು ಸುಮಾರು ಒಂದು ಸುತ್ತು. ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ), ಚೈನ್ ಎರಡೂ ಮೆಷಿನ್ ಮೇಲೆ ಇರಲಿ. ಪ್ಲಗ್ ವೈರ್ ಮತ್ತೆ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ.

ಎಲ್ ಸ್ಕ್ರೂವನ್ನು ನಿಧಾನವಾಗಿ ಬಲಕ್ಕೆ ತಿರುಗಿಸುತ್ತಾ ಹೋಗಿ. ಐಡಲ್ ಏರುತ್ತದೆ, ಒಂದು ಹಂತದಲ್ಲಿ ಇಳಿಯಲು ಶುರುವಾಗುತ್ತದೆ. ಅತಿ ಹೆಚ್ಚು ಏರಿದ ಜಾಗಕ್ಕೆ ಬಂದು, ಅಲ್ಲಿಂದ ಎಡಕ್ಕೆ ಎಂಟನೇ ಒಂದು ಸುತ್ತು, ಬೇಕಾದರೆ ಕಾಲು ಸುತ್ತು. ಈಗ ಟ್ರಿಗರ್ ಥಟ್ಟನೆ ಒತ್ತಿ. ಮುಗ್ಗರಿಸದೆ ಎದ್ದರೆ ಸರಿ, ಮುಗ್ಗರಿಸಿದರೆ ಇನ್ನೂ ಕೂದಲೆಳೆಯಷ್ಟು ಎಡಕ್ಕೆ. ಆಮೇಲೆ ಐಡಲ್ ಸ್ಕ್ರೂ. ಚೈನ್ ಪೂರ್ತಿ ನಿಲ್ಲಬೇಕು, ಎಂಜಿನ್ ಮಾತ್ರ ಓಡುತ್ತಿರಬೇಕು. ಎಷ್ಟು ಇಳಿಸಿದರೂ ಚೈನ್ ತೆವಳುತ್ತಲೇ ಇದ್ದರೆ ಕ್ಲಚ್ ಸ್ಪ್ರಿಂಗ್ ನೋಡಿ.

ಎಚ್ ಸ್ಕ್ರೂಗೆ ಕಿವಿಯೇ ಮೀಟರ್. ಮೆಷಿನ್ ಗಟ್ಟಿಯಾಗಿ ಹಿಡಿದು, ಬಾರ್ ಯಾವುದಕ್ಕೂ ತಾಗದಂತೆ ಇಟ್ಟು, ಚೈನ್ ಬ್ರೇಕ್ ಬಿಟ್ಟು, ಮೂರ್ನಾಲ್ಕು ಸೆಕೆಂಡ್ ಮಾತ್ರ ಪೂರ್ತಿ ರೇಸ್ ಮಾಡಿ. ಬ್ರೇಕ್ ಹಾಕಿಕೊಂಡು ರೇಸ್ ಮಾಡಿದರೆ ಕ್ಲಚ್ ಸುಡುತ್ತದೆ. ಕೀರಲು ದನಿಯಲ್ಲಿ ಒಂದೇ ಸಮ ಕಿರುಚಿದರೆ ಪೆಟ್ರೋಲ್ ಕಮ್ಮಿ, ಕೂಡಲೇ ಟ್ರಿಗರ್ ಬಿಟ್ಟು ಸ್ಕ್ರೂ ಎಡಕ್ಕೆ ತಿರುಗಿಸಿ. ‘ಬರ್‍ರ್‍ರ್’ ಎಂದು ದನಿ ಸ್ವಲ್ಪ ಒಡೆಯಬೇಕು. ಮರಕ್ಕೆ ಇಟ್ಟಾಗ ಆ ಒಡಕು ಹೋಗಿ ದನಿ ನುಣುಪಾಗಬೇಕು. ಮರದೊಳಗೂ ಒಡೆಯುತ್ತಿದ್ದರೆ ತುಸು ಬಲಕ್ಕೆ. ಅನುಮಾನ ಇದ್ದರೆ ಎಡಕ್ಕೇ ಇರಲಿ, ಸ್ವಲ್ಪ ಹೊಗೆ ಬಂದರೆ ಬರಲಿ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಮ್ಮಿಯಾದರೆ ಆಯಿಲ್ಲೂ ಕಮ್ಮಿ, ಪಿಸ್ಟನ್ ಸೀಜ್ ಆಗಿ ಸಿಲಿಂಡರ್‌ನಲ್ಲೇ ಕಚ್ಚಿಕೊಳ್ಳುತ್ತದೆ. ಪೂರ್ತಿ ರೇಸ್‌ನಲ್ಲಿ ಜೋರಾಗಿ ಕಿರುಚಿಸಿ ‘ನೋಡಿ, ಎಂಥ ಪವರ್!’ ಅನ್ನುವವರ ಕೈಗೆ ನಿಮ್ಮ ಮೆಷಿನ್ ಕೊಡಬೇಡಿ.

6. ಸ್ಕ್ರೂ ಕೂಡ ಕೇಳದಿದ್ದರೆ

ಇಂದು ಸರಿ ಮಾಡಿದ್ದು ನಾಳೆ ಇರುವುದಿಲ್ಲ, ಮೆಷಿನ್ ಓರೆ ಮಾಡಿದರೆ ಐಡಲ್ ಏರುತ್ತದೆ, ಟ್ರಿಗರ್ ಬಿಟ್ಟ ಮೇಲೂ ವೇಗ ಇಳಿಯಲು ಹೊತ್ತು ಹಿಡಿಯುತ್ತದೆ. ಹೀಗಾದರೆ ಎಲ್ಲೋ ಹೊರಗಿನ ಗಾಳಿ ನುಗ್ಗುತ್ತಿದೆ. ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್, ಇಲ್ಲವೇ ಕ್ರ್ಯಾಂಕ್‌ನ (ಪಿಸ್ಟನ್ ತಿರುಗಿಸುವ ದಂಡದ) ಸೀಲ್ ಮೇಲೆ ಅನುಮಾನ ಪಡಿ. ಇಂಥ ಮೆಷಿನ್ ಓಡಿಸಬೇಡಿ.

ಎಂಜಿನ್ ಆಫ್ ಇರುವಾಗ ಸ್ಟಾರ್ಟರ್ ಹಿಡಿಯಿಂದ ಮೆಷಿನ್ ಮೇಲೆತ್ತಿ. ತಡೆದು ತಡೆದು ಇಳಿದರೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಇದೆ, ಸರ್‍ರನೆ ಜಾರಿದರೆ ಇಲ್ಲ. ಜಾರಿದರೆ ಸೈಲೆನ್ಸರ್ ಬಿಚ್ಚಿ, ಟಾರ್ಚ್ ಹಾಕಿ ಪಿಸ್ಟನ್ ನೋಡಿ. ಮೇಲಿಂದ ಕೆಳಕ್ಕೆ ಗೀರುಗಳು ಕಂಡರೆ ಪಿಸ್ಟನ್ ಹೋಗಿದೆ, ಸಿಲಿಂಡರ್ ಕೂಡ ಹೋಗಿರಬಹುದು. ಹೊಸ ಪಾರ್ಟ್ಸ್ ತರಿಸುವ ಮೊದಲು ಮೆಕ್ಯಾನಿಕ್ ಹತ್ತಿರ ಗಾಳಿ ಲೀಕ್ ಹುಡುಕುವ ಪ್ರೆಶರ್ ಟೆಸ್ಟ್ ಮಾಡಿಸಿ. ಗಾಳಿ ಲೀಕ್ ಹಾಗೇ ಉಳಿದರೆ ಹೊಸ ಪಿಸ್ಟನ್ನಿಗೂ ಅದೇ ಗೀರು ಬೀಳುತ್ತದೆ.