ಮಲೆನಾಡ ಮಳೆಗಾಲಕ್ಕೆ ಹೀಟ್ ಪಂಪ್: ಹೊಸ ಮನೇಲಿ ನನ್ನ ಅನುಭವ

ಎರಡು ಮಳೆಗಾಲ ಕಳೀತು, ಇನ್ನು ಧೈರ್ಯವಾಗಿ ಬರೀಬಹುದು. ಹೊಸ ಮನೆಗೆ ನೀರು ಕಾಯಿಸೋಕೆ ಹೀಟ್ ಪಂಪ್ (ಫ್ರಿಡ್ಜ್ ಥರ ಕಂಪ್ರೆಸರ್ ಇದ್ದು, ಸುತ್ತಲಿನ ಗಾಳಿಯ ಶಾಖ ಹೀರಿ ನೀರಿಗೆ ಕೊಡೋ ಕರೆಂಟ್ ಯಂತ್ರ) ಹಾಕಿಸ್ತೀನಿ ಅಂದಾಗ ನಮ್ ಕೊಪ್ಪ ಕಡೆ ನಕ್ಕವರೇ ಜಾಸ್ತಿ. ಗಾಳಿಯಿಂದ ನೀರು ಕಾಯುತ್ತಂತೆ, ಅದೂ ಜುಲೈ ತಿಂಗಳಲ್ಲಿ! ದೊಡ್ಡಪ್ಪ ಅಂತೂ "ಹಂಡೆ ಒಲೆ ಮಾತ್ರ ಕೀಳ್ಬೇಡ ಮಾರಾಯ, ಆಮೇಲೆ ಸ್ನಾನಕ್ಕೆ ನಮ್ಮನೆಗೇ ಬರ್ಬೇಕಾಗುತ್ತೆ" ಅಂದಿದ್ರು. ಒಲೆ ಕಿತ್ತಿಲ್ಲ, ಹಿಂದಿನ ಬಚ್ಚಲಲ್ಲಿ ಹಾಗೇ ಇದೆ, ಮರ ಬಿದ್ದು ಮೂರ್ನಾಲ್ಕು ದಿನ ಕರೆಂಟ್ ಇಲ್ಲದಾಗ ಅದೇ ಗತಿ. ಉಳಿದಂತೆ ಒಲೆಗೆ ಹಾಕ್ತಿದ್ದ ಅಡಿಕೆ ಸಿಪ್ಪೆ ಮೂಟೆ ಮೂಟೆ ಹಾಗೇ ಉಳ್ಕೊಂಡಿದೆ.

ಬೇರೆ ಯಾವುದನ್ನೂ ನೋಡ್ಲಿಲ್ಲ ಅಂತಲ್ಲ. ಸೋಲಾರ್ ಪಕ್ಕದ ಮನೇಲಿದೆ, ಡಿಸೆಂಬರಿಂದ ಮೇ ತನಕ ಕೈ ಸುಡೋ ನೀರು, ಜೂನ್ ಬಂತು ಅಂದ್ರೆ ಬ್ಯಾಕಪ್ ಕಾಯಿಲೇ ಗತಿ, ನಮಗೆ ಬಿಸಿನೀರು ಬೇಕಾಗೋದೇ ಆವಾಗ. ಗೀಸರ್ ಮೂರು ಬಚ್ಚಲಿಗೆ ಮೂರು ಹಾಕೋದು ಅಂದ್ರೆ ನಮ್ಮದು ಲೈನಿನ ತುದಿ, ಬೆಳಿಗ್ಗೆ ವೋಲ್ಟೇಜು 180 ಇದ್ರೆ ಪುಣ್ಯ, 2000 ವ್ಯಾಟ್ ಕಾಯಿಲ್ ಅದರಲ್ಲಿ 1200 ಚಿಲ್ಲರೆ ಅಷ್ಟೇ ಎಳೆಯುತ್ತೆ, ಬಕೆಟ್ ಹಿಡ್ಕೊಂಡು ಕಾಯ್ತಾ ನಿಲ್ಲಬೇಕು. ಗ್ಯಾಸ್ ಗೀಸರ್ ಬಾಗಿಲು ಮುಚ್ಚಿದ ಬಚ್ಚಲಲ್ಲಿ ಬೇಡವೇ ಬೇಡ, ಅದರ ಚರ್ಚೆನೂ ಬೇಡ.

ಡೀಲರು ಏಳು ಜನ ಅಂದ ಕೂಡ್ಲೆ ತಲೆಗೆ ಇಷ್ಟು ಅಂತ ಲೆಕ್ಕ ಹಾಕಿ 300 ಲೀಟರಿಂದೇ ತಗೊಳ್ಳಿ ಅಂತ ಹಟ ಹಿಡಿದ. ನಾನು ಬಕೆಟ್ ಲೆಕ್ಕ ಹಾಕ್ದೆ. 55 ಡಿಗ್ರಿ ನೀರಿಗೆ ತಣ್ಣೀರು ಬೆರೆಸಿ ಸ್ನಾನದ ಹದಕ್ಕೆ ತಂದ್ರೆ 200 ಲೀಟರ್ ಟ್ಯಾಂಕಿಂದ ಹತ್ರಹತ್ರ 350 ಲೀಟರ್ ಸಿಗುತ್ತೆ, ನಮಗೆ ಅಷ್ಟು ಬೇಕಾಗೋದೇ ಇಲ್ಲ. 200ರದ್ದೇ ತಂದೆ, ಟ್ಯಾಂಕಿನ ತಲೆ ಮೇಲೇ ಕಂಪ್ರೆಸರ್ ಇರೋ ಮಾದರಿ, ಒಂದೂಕಾಲು ಲಕ್ಷದ ಆಸುಪಾಸು. ಅಲ್ಲೇ ಮೂವತ್ತು ಸಾವಿರದಷ್ಟು ಉಳೀತು.

ಎಲ್ಲರೂ ಇದನ್ನ ಟೆರೇಸ್ ಮೇಲೆ ಇಡ್ತಾರೆ. ನಾನು ಇಟ್ಟಿದ್ದು ಬಟ್ಟೆ ಒಣಗಿಸೋ ರೂಮಲ್ಲಿ. ಈ ಯಂತ್ರ ಗಾಳಿಯ ಶಾಖ ಹೀರುವಾಗ ಅದರ ತೇವಾನೂ ಹಿಂಡುತ್ತೆ, ಆ ತೇವ ನೀರಾಗುವಾಗ ಬಿಡೋ ಶಾಖಾನೂ ಟ್ಯಾಂಕಿಗೇ ಹೋಗುತ್ತೆ. ನಮ್ ಕಡೆ ಜುಲೈನಲ್ಲಿ ಗಾಳಿ 20-22 ಡಿಗ್ರಿ ಇರುತ್ತೆ, ತೇವ ಅಂತೂ ಕೇಳೋದೇ ಬೇಡ, ಅಂದ್ರೆ ನಕ್ಕವರು ಯಾವುದನ್ನ ತೊಂದರೆ ಅಂದ್ರೋ ಅದೇ ನನಗೆ ಲಾಭ. ಡ್ರೈನ್ ಪೈಪಿಗೆ ಕ್ಯಾನ್ ಇಟ್ಟು ನೋಡಿದೀನಿ, ಮಳೆಗಾಲದಲ್ಲಿ ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು ಬೀಳುತ್ತೆ. ಮೊದಮೊದಲು ಬಾಗಿಲು ಪೂರ್ತಿ ಹಾಕಿ ಓಡಿಸಿದ್ವಿ, ರೂಮು ಫ್ರಿಡ್ಜ್ ಆಯ್ತು, ನೀರು ಕಾಯೋಕೆ ಒಂದೂವರೆ ಪಟ್ಟು ಹೊತ್ತು, ಜೀನ್ಸ್ ಪ್ಯಾಂಟ್ ಹಸಿಹಸಿ. ಪೂರ್ತಿ ತೆಗೆದಿಟ್ರೆ ಹೊರಗಿನ ತೇವ ಒಳಗೆ. ಈಗ ತಣ್ಣನೆ ಗಾಳೀಲಿ ಸ್ವಲ್ಪ ಹೊರಗೆ, ಸ್ವಲ್ಪ ಒಳಗೆ ಬಿಡೋ ಹಾಗೆ ಡಕ್ಟಿಗೊಂದು (ಯಂತ್ರದಿಂದ ಗಾಳಿ ಹೊರಗೆ ಹೋಗೋ ಕೊಳವೆಗೆ) ಮುಚ್ಚಳ ಮಾಡಿದೀನಿ, ಬೆಳಿಗ್ಗೆ ಹರವಿದ ಕಾಟನ್ ಶರ್ಟು ಸಂಜೆಗೆ ಮಡಚೋ ಹಾಗಿರುತ್ತೆ. ಎಷ್ಟು ಹೊರಗೆ ಎಷ್ಟು ಒಳಗೆ ಅನ್ನೋದನ್ನ ಮಾತ್ರ ಕೇಳ್ಬೇಡಿ, ಅದಕ್ಕೆ ಒಂದು ಮಳೆಗಾಲ ಪೂರ್ತಿ ತಲೆ ಕೆಡಿಸ್ಕೊಂಡಿದೀನಿ.

ಟೈಮರ್ ಹನ್ನೊಂದರಿಂದ ನಾಲ್ಕಕ್ಕೆ ಇಟ್ಟಿದೀನಿ. ಗಾಳಿ ಬೆಚ್ಚಗಿರೋದೂ ಆಗಲೇ, ಮಳೆಗಾಲದಲ್ಲಿ ತೋಟದ ಪಂಪ್‌ಗಳು ಓಡಲ್ವಲ್ಲ, ವೋಲ್ಟೇಜೂ ಬೆಳಗಿಗಿಂತ ಪರವಾಗಿಲ್ಲ. ಯಂತ್ರ ಎಳೆಯೋದು 700 ವ್ಯಾಟ್ ಅಷ್ಟೇ ಆದ್ರೂ ಕಂಪ್ರೆಸರ್ ಶುರುವಾಗೋ ಹೊತ್ತಿಗೆ ಆ ವೋಲ್ಟೇಜೂ ಸಾಲದೆ ಕೊಸರಾಡ್ತಿತ್ತು, ಟ್ರಿಪ್ ಆಗಿ ನಿಂತುಬಿಡ್ತಿತ್ತು. ಹಾಕೋಕೆ ಬಂದ ಹುಡುಗ "ಸ್ಟೆಬಿಲೈಸರ್ ಬೇಡ ಸಾರ್" ಅಂದು ಹೋಗಿದ್ದ, ಆಮೇಲೆ ಫೋನೂ ಎತ್ತಲಿಲ್ಲ. ನಾನೇ ಐದಾರು ಸಾವಿರ ಕೊಟ್ಟು ಒಳ್ಳೇದೊಂದು ತಂದು ಹಾಕ್ದೆ, ತೊಂದರೆ ಅಲ್ಲಿಗೆ ಮುಗೀತು. ಕಂಪನಿ ಸೆಟ್ಟಿಂಗ್ 60 ಡಿಗ್ರಿ ಇತ್ತು, ನಾನು 52ಕ್ಕೆ ಇಳಿಸಿದೆ, ನೀರು ಎಷ್ಟು ಬಿಸಿ ಕೇಳ್ತೀವೋ ಅಷ್ಟೂ ಯೂನಿಟ್ ತಿನ್ನುತ್ತೆ. ವಾರಕ್ಕೊಮ್ಮೆ ಮಾತ್ರ 60ಕ್ಕೆ ಏರಿಸ್ತೀನಿ, ಟ್ಯಾಂಕಲ್ಲಿ ಬ್ಯಾಕ್ಟೀರಿಯಾ ಬೆಳೀಬಾರದು ಅಂತ. ಕರೆಂಟ್ ಹೋದ್ರೆ ಒಂದು ದಿನಕ್ಕೆ ಐದಾರು ಡಿಗ್ರಿ ಇಳಿಯುತ್ತೆ, ಮಾರನೇ ದಿನಾನೂ ಸ್ನಾನ ಆಗುತ್ತೆ.

ಪೈಪಿಗೆ ಫೋಮ್ ಸುತ್ತೋದನ್ನ ಪ್ಲಂಬರ್ ದಂಡ ಅಂದ, ಸುತ್ತಿಸ್ದೆ. ದೂರದ ಬಚ್ಚಲಿಗೆ ಬಿಸಿನೀರು ಬರೋ ಮುಂಚೆ ಐದು ಲೀಟರ್ ತಣ್ಣೀರು ಹೋಗುತ್ತೆ ಅಂತ ಬಿಸಿನೀರನ್ನ ಪೈಪಲ್ಲಿ ಸುತ್ತಿಸ್ತಾ ಇರೋ ಚಿಕ್ಕ ಸರ್ಕ್ಯುಲೇಶನ್ ಪಂಪೂ ಹಾಕಿ ನೋಡಿದೆ, ನಲ್ಲಿ ತಿರುಗಿಸಿದ ಕೂಡ್ಲೆ ಬಿಸಿನೀರೇನೋ ಬಂತು, ಆದ್ರೆ ಪೈಪಲ್ಲೇ ಶಾಖ ಸೋರಿ ದಿನಕ್ಕೆ ಒಂದು ಯೂನಿಟ್ ಹತ್ರ ಜಾಸ್ತಿ. ಬಿಚ್ಚಿ ಅಟ್ಟದ ಮೇಲೆ ಇಟ್ಟಿದೀನಿ, ಯಾರಿಗಾದ್ರೂ ಬೇಕಾದ್ರೆ ಅರ್ಧ ರೇಟಿಗೆ ಕೊಡ್ತೀನಿ.

ನಿಜವಾದ ಪರೀಕ್ಷೆ ಆಗಿದ್ದು ದೀಪಾವಳಿಗೆ. ನರಕ ಚತುರ್ದಶಿ ದಿನ ಎಣ್ಣೆ ಹಚ್ಕೊಂಡು ಸಾಲಾಗಿ ಕೂತ ಹದಿನಾಲ್ಕೋ ಹದಿನೈದೋ ಜನ, ಎಣ್ಣೆ ಸ್ನಾನ ಅಂದ್ರೆ ಒಬ್ಬೊಬ್ಬರಿಗೂ ಎರಡು ಬಕೆಟ್. ಹಿಂದಿನ ದಿನ ಸಂಜೇನೆ 60ಕ್ಕೆ ಏರಿಸಿ, ಬೆಳಗಿನ ಜಾವ ನಾಲ್ಕರಿಂದ ಯಂತ್ರಾನ ಓಡ್ತಾನೇ ಇಟ್ಟೆ. ಶಾಸ್ತ್ರಕ್ಕೆ ಹಂಡೆಗೆ ಹಿಂಡ್ಲೆ ಬಳ್ಳಿ ಸುತ್ತಿ ನೀರು ತುಂಬಿದ್ದೂ ಆಯ್ತು. ಒಂಬತ್ತು ಗಂಟೆಗೆ ಕೊನೆಗೆ ಹೋದ ದೊಡ್ಡಪ್ಪ ಒಳಗಿಂದ ಕೂಗಿದ್ದು "ತಣ್ಣೀರು ಎಲ್ಲಿ ತಿರುಗ್ಸೋದೋ" ಅಂತ.

ದುಡ್ಡಿನ ವಿಚಾರ. ಬೇರೆ ಸಣ್ಣ ಮೀಟರ್ ಕೂರಿಸಿದೀನಿ, ಮಳೆಗಾಲದಲ್ಲಿ ದಿನಕ್ಕೆ ಮೂರು ಯೂನಿಟ್ ಹತ್ರ, ಬೇಸಿಗೇಲಿ ಎರಡೂ ಇಲ್ಲ. ಅಷ್ಟೇ ನೀರನ್ನ ಗೀಸರಲ್ಲಿ ಕಾಯಿಸಿದ್ರೆ ಎಂಟು. ಬರೀ ಗೀಸರಿಗೇ ತಿಂಗಳಿಗೆ 240 ಆದ್ರೆ ಗೃಹಜ್ಯೋತಿ ಮರೆತುಬಿಡಿ, 200 ದಾಟಿದ ತಿಂಗಳು ಪೂರ್ತಿ ಬಿಲ್ ನಮ್ಮ ತಲೆ ಮೇಲೆ. ಗೀಸರಿಗೆ ಹೋಲಿಸಿದ್ರೆ ಜಾಸ್ತಿ ಹಾಕಿದ ದುಡ್ಡು ಆರೇಳು ವರ್ಷಕ್ಕೆ ವಾಪಸ್. ಬಿಟ್ಟಿ ಸೌದೆಗೆ ಹೋಲಿಸಿದ್ರೆ ಯಾವತ್ತೂ ಬರಲ್ಲ, ಆದ್ರೆ ಮಸಿ ಹಂಡೆ ತಿಕ್ಕೋರನ್ನ ಕೇಳಿ ಆ ಲೆಕ್ಕ ಮಾಡಿ.

ಅದೇ ರೂಮಲ್ಲಿ ಕಾಳುಮೆಣಸು ಒಣಗಿಸೋಕೂ ಹೋಗಿದ್ದೆ, ನಾಲ್ಕೈದು ಕೆಜಿ, ಎರಡನೇ ದಿನಕ್ಕೇ ಬೂಷ್ಟು. ಬಟ್ಟೆಗೆ ಸಾಕಾಗೋ ಗಾಳಿ ಮೆಣಸಿಗೆ ಸಾಲಲ್ಲ, ಬಿಸಿ ಬೇಕು. ಈ ತಿಂಗಳು ಟ್ಯಾಂಕಿನ ಆನೋಡ್ ರಾಡ್ (ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ತಾನೇ ಸವೆಯೋ ಲೋಹದ ಕಡ್ಡಿ) ಬಿಚ್ಚಿದೆ, ಹೆಬ್ಬೆರಳು ದಪ್ಪ ಇದ್ದದ್ದು ಮಧ್ಯದಲ್ಲಿ ಪೆನ್ಸಿಲ್ ಆಗಿದೆ. ಗುಡ್ಡದ ನೀರು ಬಳಸೋರು ವಾರಂಟಿ ಕಾರ್ಡ್ ನಂಬ್ಕೊಂಡು ಕೂರ್ಬೇಡಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಹೊಸ ರಾಡ್‌ಗೆ ಹೇಳಿದೀನಿ, ಬಂದಿಲ್ಲ ಇನ್ನೂ.