ಹೊಲ ಮಾರೋ ಮೊದಲು: ವಿದೇಶದ ಓದಿಗೆ ದುಡ್ಡು ಹೊಂದಿಸುವ ದಾರಿ

ಮಗನೋ ಮಗಳೋ ವಿದೇಶಕ್ಕೆ ಓದಲು ಹೋಗುತ್ತೇನೆ ಅಂದ ಕೂಡಲೇ ನಮ್ಮ ಕಡೆ ಮನೆಯಲ್ಲಿ ಏಳುವ ಮೊದಲ ಮಾತು, "ಹಂಗಾರ ಯಾವ ಹೊಲ ಮಾರೂದು?" ನಮ್ಮ ಮನೆಯಲ್ಲೂ ಅದೇ ಆಯಿತು. ಗದಗ ಜಿಲ್ಲೆಯ ಹಳ್ಳಿ, ಅಪ್ಪನ ಹೆಸರಿನಲ್ಲಿ ಎಂಟು ಎಕರೆ ಎರಿ ಹೊಲ, ತಮ್ಮ ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿ ಜರ್ಮನಿಗೆ ಹೋಗಬೇಕು ಅಂತ ಹಟ ಹಿಡಿದಿದ್ದ. ಕಾಗದಪತ್ರದ ಓಡಾಟ ಪೂರ್ತಿ ನನ್ನ ಪಾಲಿಗೆ ಬಂತು. ಹೊಲ ಮಾರಲಿಲ್ಲ, ಅವನು ಹೋಗಿ ಓದಿಯೂ ಬಂದ. ಆ ಓಡಾಟದಲ್ಲಿ ಗೊತ್ತಾದದ್ದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಅರ್ಧ ತಪ್ಪು ಮಾಡಿ ಕಲಿತದ್ದೇ.

ಮೊದಲ ತಪ್ಪು ಎಲ್ಲರೂ ಮಾಡುವಂಥದ್ದು. ವಿಶ್ವವಿದ್ಯಾಲಯ ಆರಿಸೋದು, ಸೀಟು ಸಿಕ್ಕಿತು ಅಂತ ಪೇಢೆ ಹಂಚೋದು, ಆಮೇಲೆ ದುಡ್ಡು ಹುಡುಕೋದು. ಅಷ್ಟೊತ್ತಿಗೆ ವಿದ್ಯಾರ್ಥಿವೇತನದ ತಾರೀಖು ಮುಗಿದು ಎಷ್ಟೋ ತಿಂಗಳಾಗಿರುತ್ತದೆ. ಮುಂದಿನ ವರ್ಷ ಸೆಪ್ಟೆಂಬರಿಗೆ ಕ್ಲಾಸು ಶುರುವಾಗಬೇಕು ಅಂದರೆ ಈ ವರ್ಷದ ಆಗಸ್ಟಿನಿಂದಲೇ ಅರ್ಜಿಗಳು ತೆರೆಯುತ್ತವೆ. ಅಂದರೆ ಫೈನಲ್ ಇಯರ್ ಶುರುವಾಗುವಾಗಲೇ ದುಡ್ಡಿನ ಲೆಕ್ಕ ಹಾಕಬೇಕು. ದುಡ್ಡು ಎಲ್ಲಿದೆ ನೋಡಿ, ಆಮೇಲೆ ಕಾಲೇಜು ಆರಿಸಿ.

ಇನ್ನು ಏಜೆಂಟರ ಮಾತು. ನಿಮ್ಮ ಹತ್ತಿರ ಒಂದು ರೂಪಾಯಿ ತೊಗೊಳ್ಳದೆ ಚಹಾ ಕುಡಿಸಿ ಅರ್ಜಿ ತುಂಬಿಕೊಡುವ ಕನ್ಸಲ್ಟೆನ್ಸಿಯವರಿಗೆ ಸಾಮಾನ್ಯವಾಗಿ ಆ ಕಡೆಯ ಕಾಲೇಜಿನಿಂದ ಕಮಿಷನ್ ಬರುತ್ತದೆ. ಅದು ಕಾನೂನುಬಾಹಿರ ಏನಲ್ಲ. ಆದರೆ ಕಮಿಷನ್ ಕೊಡದ ಕಾಲೇಜಿನ ಹೆಸರು ಅವರ ಬಾಯಲ್ಲಿ ಯಾಕೆ ಬರುತ್ತದೆ ಹೇಳಿ? ನಾವು ಹೋದ ಕಡೆ ಮುಕ್ಕಾಲು ಗಂಟೆ ಕೂತಿದ್ದೆವು, ಫೀಸೇ ಇಲ್ಲದ ಸರ್ಕಾರಿ ವಿಶ್ವವಿದ್ಯಾಲಯ ಅನ್ನೋದು ಜಗತ್ತಿನಲ್ಲಿದೆ ಅಂತ ಅವರು ಒಮ್ಮೆಯೂ ಹೇಳಲಿಲ್ಲ.

ಇದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದವರಿಗೂ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರಿಗೆ ಕೆಲವು ನೂರು ಯೂರೋ ಕಟ್ಟಬೇಕು ಅಷ್ಟೇ. ಇದಕ್ಕೆ ಹೊರತಾದವೂ ಇವೆ: ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತಿದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಫೀಸು ತೊಗೊಳ್ಳುತ್ತದೆ. ಫೀಸಿಲ್ಲ ಅಂದ ಮಾತ್ರಕ್ಕೆ ಪುಕ್ಕಟೆ ಅಂತ ಅಲ್ಲ. ವೀಸಾಕ್ಕೆ ಮೊದಲು ಒಂದು ವರ್ಷದ ಊಟ-ವಸತಿ ಖರ್ಚು 11,904 ಯೂರೋ, ಅಂದರೆ 12 ಲಕ್ಷ ರೂಪಾಯಿಗೂ ಜಾಸ್ತಿ, ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. ಈ ಮೊತ್ತ ಆಗಾಗ ಏರುತ್ತದೆ, ಅರ್ಜಿ ಹಾಕುವ ಮುಂಚೆ ನೋಡಿಕೊಳ್ಳಿ. ಆ ದುಡ್ಡು ಯಾರಿಗೂ ಹೋಗುವುದಿಲ್ಲ. ತಿಂಗಳಿಗೆ 992 ಯೂರೋದಂತೆ ಮಗನ ಕೈಗೇ ವಾಪಸ್ ಬರುತ್ತದೆ. ಅಪ್ಪನಿಗೆ ಇದನ್ನು ತಿಳಿಸಿ ಹೇಳಲು ನನಗೆ ಎರಡು ದಿನ ಬೇಕಾಯಿತು. ಇದರ ಜೊತೆಗೆ ಅಂಕಪಟ್ಟಿ ಪರಿಶೀಲನೆಯ ಎಪಿಎಸ್ ಪ್ರಮಾಣಪತ್ರ ಬೇಕೇ ಬೇಕು, ಅದಕ್ಕೆ 18,000 ರೂಪಾಯಿ. ಅದು ಕೈಗೆ ಬರಲು ಹಿಡಿಯುವ ಸಮಯವನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಪೂರ್ತಿ ಖರ್ಚು ಕೊಡುವ ವಿದ್ಯಾರ್ಥಿವೇತನಗಳಲ್ಲಿ ನನಗೆ ಎಲ್ಲಕ್ಕಿಂತ ಚೊಲೋ ಅನಿಸಿದ್ದು ಎರಾಸ್ಮಸ್ ಮುಂಡಸ್. ಎರಡು ಅಥವಾ ಜಾಸ್ತಿ ಯುರೋಪಿಯನ್ ದೇಶಗಳಲ್ಲಿ ಓದುವ ಮಾಸ್ಟರ್ಸ್, ಫೀಸು ಕಟ್ಟುವ ಹಾಗಿಲ್ಲ, ಮೇಲೆ ತಿಂಗಳಿಗೆ 1,400 ಯೂರೋ ಕೈಗೆ. ಡಿಗ್ರಿಯ ಕೊನೇ ವರ್ಷದವರೂ ಹಾಕಬಹುದು, ಕೆಲಸದ ಅನುಭವ ಇರಲೇಬೇಕು ಅಂತ ಎಲ್ಲ ಕೋರ್ಸಿನಲ್ಲೂ ಇಲ್ಲ. ಅರ್ಜಿಗಳು ಹೆಚ್ಚಾಗಿ ಅಕ್ಟೋಬರಿನಿಂದ ಜನವರಿವರೆಗೆ. ಹೆಸರು ಕೇಳಿ ಹೆದರಬೇಡಿ, ಧಾರವಾಡದಲ್ಲಿ ಕೃಷಿ ಓದಿದವರಿಗೂ, ಪರಿಸರ, ಗಣಿತ, ಸಾಹಿತ್ಯ ಓದಿದವರಿಗೂ ಅದರಲ್ಲಿ ಕೋರ್ಸುಗಳಿವೆ.

ಕೆಲಸ ಮಾಡಿದವರಿಗೆ ಬೇರೆ ದಾರಿಗಳಿವೆ. ಬ್ರಿಟನ್ನಿನ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಅನುಭವ ಬೇಕು. ಒಂದು ವರ್ಷದ ಮಾಸ್ಟರ್ಸಿನ ಫೀಸು, ವಿಮಾನ, ಊಟ-ವಸತಿ ಎಲ್ಲ ಅವರದ್ದೇ. ಆದರೆ ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ವಾಪಸ್ ಬಂದಿರಬೇಕು. ಅಲ್ಲೇ ಕೆಲಸ ಹಿಡಿಯುವ ಆಸೆ ಇದ್ದರೆ ಇದು ನಿಮಗಲ್ಲ. ಅಮೆರಿಕದ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸಿಗೆ ಮೂರು ವರ್ಷದ ಅನುಭವ ಬೇಕು, ಅದೂ ಆಯ್ದ ವಿಷಯಗಳಿಗೆ ಮಾತ್ರ. ಜರ್ಮನಿಯಲ್ಲಿ ವಿದ್ಯಾರ್ಥಿವೇತನ ಕೊಡುವ ಡಾಡ್ (DAAD) ಸಂಸ್ಥೆಯ ಅಭಿವೃದ್ಧಿ ಸಂಬಂಧಿ ಕೋರ್ಸುಗಳಿಗೆ ಎರಡು ವರ್ಷ.

ಅಮೆರಿಕದ ಬಗ್ಗೆ ಒಂದೇ ಮಾತು. ಅಲ್ಲಿ ಎಂ.ಎಸ್. ಅಂದರೆ ಹೆಚ್ಚಿನವರಿಗೆ ಸ್ವಂತ ಖರ್ಚು, ಪಿಎಚ್.ಡಿ. ಅಂದರೆ ಸಾಮಾನ್ಯವಾಗಿ ಫೀಸು ಮಾಫಿ ಆಗಿ ಮೇಲೆ ತಿಂಗಳ ಸ್ಟೈಪೆಂಡ್. ಸಂಶೋಧನೆಯಲ್ಲಿ ನಿಜವಾಗಿ ಮನಸ್ಸಿದ್ದರೆ ನೇರ ಪಿಎಚ್.ಡಿ.ಗೆ ಹಾಕಿ. ಸುಮ್ನೆ ವೀಸಾ ಸಲುವಾಗಿ ಹಾಕಬೇಡಿ, ಐದು ವರ್ಷ ಅದರಲ್ಲೇ ಇರಬೇಕಾಗುತ್ತದೆ. ಪಿಯುಸಿ ಮುಗಿಸಿ ಡಿಗ್ರಿಗೇ ಹೋಗುವವರಿದ್ದರೆ, ಹಾರ್ವರ್ಡ್, ಪ್ರಿನ್ಸ್‌ಟನ್, ಎಂಐಟಿ ಥರದ ಕೆಲವೇ ಕಡೆ ಹೊರದೇಶದ ಮಕ್ಕಳಿಗೂ ಮನೆಯ ಆದಾಯ ನೋಡದೆ ಸೀಟು ಕೊಟ್ಟು, ಆಮೇಲೆ ಆದಾಯ ನೋಡಿ ನೆರವು ಕೊಡುತ್ತಾರೆ. ಸೀಟು ಸಿಗೋದು ಕಷ್ಟ. ಆದರೆ ಸಿಕ್ಕರೆ ಬಡವರ ಮನೆಯ ಮಕ್ಕಳಿಗೆ ಅಲ್ಲಿ ಖರ್ಚು ಬೆಂಗಳೂರಿಗಿಂತ ಕಡಿಮೆ ಬಿದ್ದರೂ ಬಿತ್ತು.

ನಮ್ಮ ದೇಶದ ಟ್ರಸ್ಟುಗಳದ್ದು ಬೇರೆ ಲೆಕ್ಕ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್, ಕೆ.ಸಿ. ಮಹೀಂದ್ರಾ, ನರೋತ್ತಮ ಸೇಕ್ಸಾರಿಯಾ, ಇವು ಕೊಡುವುದು ಸಾಲದ ರೂಪದ ವಿದ್ಯಾರ್ಥಿವೇತನ. ಓದು ಮುಗಿದ ಮೇಲೆ ವಾಪಸ್ ಕಟ್ಟಬೇಕು. ಮಹೀಂದ್ರಾ ಮತ್ತು ಸೇಕ್ಸಾರಿಯಾದ್ದಕ್ಕೆ ಬಡ್ಡಿ ಇಲ್ಲ. ಸ್ಕಾಲರ್‌ಶಿಪ್ ಅನ್ನೋ ಶಬ್ದ ನೋಡಿ ಇದು ದಾನ ಅಂದುಕೊಂಡು ಖರ್ಚಿನ ಲೆಕ್ಕ ಹಾಕಿದವರು ಆಮೇಲೆ ಪೇಚಾಡಿದ್ದನ್ನು ಕಂಡಿದ್ದೇನೆ. ಇನ್‌ಲ್ಯಾಕ್ಸ್ ಪ್ರತಿಷ್ಠಾನದ್ದು ಮಾತ್ರ ನಿಜವಾದ ಅನುದಾನ, ಆದರೆ ಬಹಳ ಕಮ್ಮಿ ಜನಕ್ಕೆ. ಧಾರವಾಡದಲ್ಲೇ ಡಿ.ಸಿ. ಪಾವಟೆಯವರ ಹೆಸರಿನ ಪ್ರತಿಷ್ಠಾನವಿದೆ. ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಅವರು. ಆ ಹೆಸರಿನ ಫೆಲೋಶಿಪ್ ಕೇಂಬ್ರಿಜ್‌ಗೆ ಕೆಲವು ತಿಂಗಳ ಮಟ್ಟಿಗೆ ಕಳಿಸುವಂಥದ್ದು, ಡಿಗ್ರಿಗೆ ಅಲ್ಲ.

ಸರ್ಕಾರದ ಕಡೆಯಿಂದ: ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮನೆಯ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 125 ಜನ, ಮನೆಯ ಆದಾಯ 8 ಲಕ್ಷದೊಳಗೆ, ವಯಸ್ಸು 35ರೊಳಗೆ, ಡಿಗ್ರಿಯಲ್ಲಿ 60 ಪರ್ಸೆಂಟ್. ಪರಿಶಿಷ್ಟ ಪಂಗಡಕ್ಕೆ ಬೇರೆಯೇ ಇದೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿದೇಶದ ಓದಿನ ಪ್ರಬುದ್ಧ ಯೋಜನೆ ಕೇಳಿ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ನಿಗಮಗಳಲ್ಲೂ ವಿದೇಶದ ಓದಿಗೆ ಸಾಲದ ಯೋಜನೆಗಳಿವೆ, ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ಈ ವರ್ಷದ ಪ್ರಕಟಣೆ ಯಾವಾಗ ಅಂತ ಕೇಳಿ ಬನ್ನಿ. ಎರಡು ಎಚ್ಚರಿಕೆ. ಅಲ್ಪಸಂಖ್ಯಾತರಿಗೆ ಬಡ್ಡಿ ಸಬ್ಸಿಡಿ ಕೊಡುತ್ತಿದ್ದ ಪಢೋ ಪರದೇಶ್ 2022ರಲ್ಲೇ ನಿಂತಿದೆ, ಇನ್ನೂ ಅದರ ಹೆಸರು ಹೇಳುವವರಿದ್ದಾರೆ. ಹಾಗೆಯೇ 2024ರಲ್ಲಿ ಬಂದ ಶಿಕ್ಷಣ ಸಾಲದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ನಮ್ಮ ದೇಶದ ಕಾಲೇಜುಗಳಿಗೆ ಮಾತ್ರ, ವಿದೇಶಕ್ಕೆ ಇಲ್ಲ.

ಈಗ ಬ್ಯಾಂಕು. ನಾವು ಎಡವಿದ್ದು ಇಲ್ಲೇ. ಎಂಟು ಎಕರೆ ಉತಾರ (ಪಹಣಿ) ಹಿಡಿದುಕೊಂಡು ದೊಡ್ಡ ಧೈರ್ಯದಿಂದ ಹೋದೆವು. ಮ್ಯಾನೇಜರ್ ಉತಾರ ತಿರುವಿಯೂ ನೋಡಲಿಲ್ಲ. "ಹೊಲ ನಡೆಯೋದಿಲ್ಲ" ಅಂದರು. ಅಪ್ಪನಿಗೆ ಅದು ಅವಮಾನ ಆದ ಹಾಗೆ ಆಯಿತು. ಪೀಕಿನ ಸಾಲಕ್ಕೆ ಅದೇ ಹೊಲದ ಮೇಲೆ ಬೋಜಾ ಏರಿಸುವ ಬ್ಯಾಂಕು ಮಗನ ಓದಿಗೆ ಒಲ್ಲೆ ಅಂದರೆ ಹೆಂಗೆ? ಕಾರಣ ನನಗೆ ಆಮೇಲೆ ಗೊತ್ತಾಯಿತು. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ಮಾರಿಕೊಳ್ಳಲು ಬ್ಯಾಂಕಿಗೆ ಹಕ್ಕು ಕೊಡುವ 2002ರ ಸರ್ಫೇಸಿ ಕಾಯ್ದೆ ಸಾಗುವಳಿ ಜಮೀನಿಗೆ ಅನ್ವಯಿಸುವುದಿಲ್ಲ. ರೈತರ ರಕ್ಷಣೆಗೆ ಅಂತ ಬಿಟ್ಟದ್ದು ಅದು, ಆದರೆ ಅದರಿಂದಲೇ ಶಿಕ್ಷಣ ಸಾಲದವರಿಗೆ ಹೊಲ ಬೇಡ.

ಹಾಗಾದರೆ ಏನು ನಡೆಯುತ್ತದೆ? ಎನ್.ಎ. (ಕೃಷಿಯೇತರ) ಆದ ಪ್ಲಾಟು, ಊರೊಳಗಿನ ಮನೆ, ಎಫ್.ಡಿ., ಎಲ್ಐಸಿ ಪಾಲಿಸಿ. ಹಳ್ಳಿ ಮನೆಯಾದರೆ ಗ್ರಾಮ ಪಂಚಾಯ್ತಿಯಿಂದ ಇ-ಸ್ವತ್ತು ಫಾರ್ಮ್ 9 ಮತ್ತು 11 ಇರಬೇಕು. ಅಜ್ಜನ ಹೆಸರಲ್ಲೇ ಉಳಿದಿರುವ ಮನೆಗೆ ಅದನ್ನು ಮಾಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಮೊದಲೇ ಶುರು ಮಾಡಿ ಅಂದದ್ದು. ಆಸ್ತಿ ಅಪ್ಪ-ಅಮ್ಮನದ್ದೇ ಆಗಬೇಕು ಅಂತಿಲ್ಲ, ನಮಗೆ ಗದಗಿನಲ್ಲಿದ್ದ ಸೋದರಮಾವನ ಪ್ಲಾಟು ಕೈ ಹಿಡಿಯಿತು. ಸರ್ಕಾರಿ ಬ್ಯಾಂಕುಗಳ ಸಾಮಾನ್ಯ ನಿಯಮ ಹೀಗೆ: 4 ಲಕ್ಷದವರೆಗೆ ಅಡಮಾನ ಬೇಡ, 7.5 ಲಕ್ಷದವರೆಗೆ ಕೆಲವು ಕಡೆ ಇನ್ನೊಬ್ಬರ ಜಾಮೀನು ಕೇಳಬಹುದು, ಅದರ ಮೇಲೆ ಅಡಮಾನ. ವಿದೇಶಕ್ಕೆ ಖರ್ಚಿನ 15 ಪರ್ಸೆಂಟ್ ನೀವು ಹಾಕಬೇಕು, ಆದರೆ ಮಗುವಿಗೆ ವಿದ್ಯಾರ್ಥಿವೇತನ ಸಿಕ್ಕಿದ್ದರೆ ಅದನ್ನೂ ಈ 15ರಲ್ಲಿ ಹಿಡಿಯುತ್ತಾರೆ. ಇದನ್ನು ಬ್ಯಾಂಕಿನವರು ತಾವಾಗಿ ಹೇಳಲಿಕ್ಕಿಲ್ಲ, ನೀವೇ ಕೇಳಿ. ದೊಡ್ಡ ಹೆಸರಿನ ಕೆಲವು ವಿಶ್ವವಿದ್ಯಾಲಯಗಳಿಗೆ ಅಡಮಾನ ಇಲ್ಲದೆಯೂ ಕೊಡುವ ಪಟ್ಟಿ ಕೆಲವು ಬ್ಯಾಂಕುಗಳಲ್ಲಿದೆ. ಖಾಸಗಿ ಫೈನಾನ್ಸಿನವರು ಎರಡೇ ವಾರದಲ್ಲಿ ಕೊಡುತ್ತೇವೆ ಅನ್ನುತ್ತಾರೆ, ಬಡ್ಡಿ ಜಾಸ್ತಿ, ಓದುವಾಗಲೇ ಬಡ್ಡಿ ಕಟ್ಟಿ ಅಂತಲೂ ಅನ್ನಬಹುದು. ಅವರದ್ದು ಕೊನೆಗೆ ಇಟ್ಟುಕೊಳ್ಳಿ.

ಆದಾಯ ತೋರಿಸೋದು ಇನ್ನೊಂದು ತಲೆನೋವು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ಐಟಿ ರಿಟರ್ನ್ಸೇ ಇಲ್ಲ. ವಿದೇಶದವರು ಕೇಳೋದು ಅದನ್ನೇ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಉತಾರ, ಮೂರು ವರ್ಷದ ಬ್ಯಾಂಕ್ ಪಾಸ್‌ಬುಕ್, ಎಪಿಎಂಸಿಯ ಅಡತಿ ಅಂಗಡಿ ಪಟ್ಟಿಗಳು (ಮಾಲು ಮಾರಿದ ರಸೀದಿ), ಇಷ್ಟನ್ನು ಕೂಡಿಸಿ ಒಂದು ಪುಟದ ಪತ್ರ ಬರೆಯಿರಿ: ಎಷ್ಟು ಎಕರೆ, ಏನು ಬೆಳೆ, ಯಾವ ವರ್ಷ ಎಷ್ಟು ಬಂತು, ಯಾವ ವರ್ಷ ಮಳೆ ಕೈ ಕೊಟ್ಟಿತು. ಬ್ಯಾಡಗಿಗೆ ಮೆಣಸಿನಕಾಯಿ ಹಾಕುವವರು ಪಟ್ಟಿ ಎಸೆಯಬೇಡಿ. ಕೈಗೆ ನಗದು ತೊಗೊಳ್ಳುವ ಬದಲು ಖಾತೆಗೆ ಹಾಕಿಸಿಕೊಂಡರೆ ಮುಂದೆ ಅದೇ ಪುರಾವೆ. ಅರ್ಜಿ ಹಾಕುವ ಮುಂಚಿನ ವಾರ ನೆಂಟರಿಂದ ಹತ್ತು ಲಕ್ಷ ಕೈಗಡ ತಂದು ಖಾತೆಗೆ ತುಂಬುವ ಆಟ ಬೇಡ. ಬ್ರಿಟನ್ನಿನ ವೀಸಾಕ್ಕೆ ದುಡ್ಡು 28 ದಿನ ಸತತವಾಗಿ ಖಾತೆಯಲ್ಲಿ ಕೂತಿರಬೇಕು.

ಹೆಸರಿನ ಗೊಂದಲ ಈಗಲೇ ಬಿಡಿಸಿಕೊಳ್ಳಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ, ಆಧಾರಿನಲ್ಲಿ ಬರೀ ಇನಿಷಿಯಲ್. ತಮ್ಮನಿಗೆ ಮೂರು ಕಡೆ ಮೂರು ಥರ ಇತ್ತು. ಪಾಸ್‌ಪೋರ್ಟನ್ನು ಹತ್ತನೇ ಕ್ಲಾಸಿನ ಅಂಕಪಟ್ಟಿಯಂತೆ ಮಾಡಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಶಿಫಾರಸು ಪತ್ರದ್ದೂ ಹಾಗೇ. "ನೀನೇ ಬರಕೊಂಡು ಬಾ, ಸಹಿ ಮಾಡ್ತೀನಿ" ಅನ್ನುವ ಸರ್ ಬಹಳ ಇದ್ದಾರೆ, ಮೂವರದ್ದೂ ಒಂದೇ ಕೈಬರಹದ ಹಾಗೆ ಇದ್ದರೆ ಓದುವವರಿಗೆ ಗೊತ್ತಾಗುತ್ತದೆ. ನಿಮ್ಮ ಪ್ರಾಜೆಕ್ಟ್ ಕಂಡವರನ್ನು ಕೇಳಿ, ಕಾಲೇಜಿನ ಇಮೇಲಿಂದಲೇ ಕಳಿಸಲು ಹೇಳಿ.

ದುಡ್ಡು ಕಳಿಸುವಾಗ: ಸ್ವಂತ ದುಡ್ಡು ವರ್ಷಕ್ಕೆ 10 ಲಕ್ಷ ದಾಟಿದರೆ ಬ್ಯಾಂಕು ಟಿಸಿಎಸ್ ಅನ್ನೋ ತೆರಿಗೆ ಹಿಡಿಯುತ್ತದೆ, ಶಿಕ್ಷಣ ಸಾಲದ ದುಡ್ಡಿಗೆ ಇಲ್ಲ. ಸಾಲದ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಆದರೆ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ.

ಕೊನೆಗೆ, ಮೊದಲ ಎರಡು ತಿಂಗಳ ಖರ್ಚನ್ನು ಬೇರೆಯಾಗಿ ಕೈಯಲ್ಲಿ ಕೊಟ್ಟು ಕಳಿಸಿ. ಬ್ಲಾಕ್ಡ್ ಅಕೌಂಟಿನ ದುಡ್ಡು ಸಿಗಬೇಕಾದರೆ ಅಲ್ಲಿನ ಬ್ಯಾಂಕ್ ಖಾತೆ ಬೇಕು, ಖಾತೆಗೆ ವಿಳಾಸದ ನೋಂದಣಿ ಬೇಕು, ನೋಂದಣಿಗೆ ಮನೆ ಬೇಕು, ಮನೆ ಮಾಲೀಕರು ಮೂರು ತಿಂಗಳ ಡಿಪಾಜಿಟ್ ಕೇಳುತ್ತಾರೆ. ತಮ್ಮನ ಮೊದಲ ಕಂತು ಬರಲು ಆರು ವಾರ ಹಿಡಿಯಿತು. ಅಮ್ಮ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ ನಾಲ್ಕು ವಾರಕ್ಕೇ ಮುಗಿದಿತ್ತಂತೆ.