ಹಿತ್ತಲಿನ ಹುಳಿ ದಂಟು ರೂಬಾರ್ಬ್: ನೆಡುವುದು, ಕೀಳುವುದು, ಗೊಜ್ಜು ಮಾಡುವುದು

ಇಂಗ್ಲೆಂಡಿನ ಯಾರ್ಕ್‌ಶೈರ್‌ಗೆ ಬಂದ ಹೊಸತರಲ್ಲಿ ನಾನು ಹಂಬಲಿಸಿದ್ದು ಪುಂಡಿಪಲ್ಯಕ್ಕೆ. ಜೋಳದ ಹಿಟ್ಟು ಹೇಗೋ ಸಿಗುತ್ತಿತ್ತು, ಪುಂಡಿ ಸೊಪ್ಪು ಮಾತ್ರ ಇಲ್ಲ. ಒಂದು ಏಪ್ರಿಲ್‌ನಲ್ಲಿ ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ರೂಬಾರ್ಬ್ ಗಿಡದ ನಾಲ್ಕು ಕೆಂಪು ದಂಟು ಕೊಟ್ಟರು. ಒಂದು ಚೂರು ಕಚ್ಚಿದೆ. ಹಲ್ಲು ಜುಮ್ಮೆನ್ನುವ ಅದೇ ಹುಳಿ! ಆ ಚಳಿಗಾಲದಲ್ಲಿ ಅವರು ತಮ್ಮ ಹಳೆಯ ಗಡ್ಡೆಯನ್ನು ಸನಿಕೆಯಿಂದ ಸೀಳಿ ಒಂದು ತುಂಡನ್ನೂ ಕೊಟ್ಟರು. ಚಳಿ ದೇಶದಲ್ಲಿ ಮನೆ ಮಾಡಿರುವ ಕನ್ನಡಿಗರಿಗೆಲ್ಲ ನಾನು ಹೇಳುವುದು ಇಷ್ಟೇ: ಹಿತ್ತಲಲ್ಲಿ ಮೂರಡಿ ಜಾಗವಿದ್ದರೆ ಇದನ್ನು ನೆಡಿ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ತಿನ್ನುವುದು ದಂಟು ಮಾತ್ರ, ಎಲೆ ವಿಷ. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು. ಕೆಸುವಿನ ಎಲೆಯಂತೆ ಹುಣಸೆ ಹಾಕಿ ಬೇಯಿಸಿದರೆ ಸರಿಹೋಗುತ್ತದೆಂದು ಭಾವಿಸಬೇಡಿ. ಮೊದಲ ಮಹಾಯುದ್ಧದ ಆಹಾರದ ಅಭಾವದಲ್ಲಿ ಬ್ರಿಟನ್ನಿನಲ್ಲಿ ಈ ಎಲೆಯನ್ನು ಸೊಪ್ಪಿನಂತೆ ಬಳಸಲು ಹೇಳಿ, ತಿಂದವರು ಸತ್ತದ್ದೂ ಉಂಟು. ಕಿತ್ತ ಕೂಡಲೇ ಎಲೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ, ಅಲ್ಲಿ ಅದು ಏನೂ ಕೆಡಿಸುವುದಿಲ್ಲ. ದಂಟಿನಲ್ಲೂ ಈ ಆಮ್ಲ ಸ್ವಲ್ಪ ಇರುವುದರಿಂದ ಕಿಡ್ನಿಯಲ್ಲಿ ಕಲ್ಲಾದವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಬೀಜದಿಂದಲೂ ಬೆಳೆಸಬಹುದು, ಆದರೆ ಗಡ್ಡೆಯೇ ಮೇಲು. ನವೆಂಬರ್‌ನಿಂದ ಮಾರ್ಚ್‌ವರೆಗೆ ಗಿಡ ಬೆಳವಣಿಗೆ ನಿಲ್ಲಿಸಿ ಮಲಗಿರುವಾಗ ನೆಡಬೇಕು. ಗುಂಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಒಂದಕ್ಕಿಂತ ಹೆಚ್ಚು ನೆಡುವುದಾದರೆ ನಡುವೆ ಸುಮಾರು 90 ಸೆಂ.ಮೀ. ಬಿಡಿ. ಗಡ್ಡೆಯ ಕಣ್ಣು ಮಣ್ಣಿನ ಮಟ್ಟಕ್ಕೆ ಸರಿಯಾಗಿ, ಮೂಗು ಹೊರಗಿಟ್ಟಂತೆ ಇರಬೇಕು. ನಾನು ಮೊದಲ ಸಲ ಅರಿಶಿನ ನೆಟ್ಟ ಹಾಗೆ ಆಳಕ್ಕೆ ಹೂತೆ. ನೀರು ಬಸಿಯದ ಜೇಡಿಮಣ್ಣಿನಲ್ಲಿ ಅದು ಕೊಳೆತೇ ಹೋಯಿತು. ಅಜ್ಜಿ ಇನ್ನೊಂದು ತುಂಡು ಕೊಟ್ಟರು. ಅದಕ್ಕೆ ಈಗ ಎಂಟು ವರ್ಷ.

ಮೊದಲ ವರ್ಷ ಒಂದು ದಂಟನ್ನೂ ಮುಟ್ಟಬೇಡಿ. ಆನೆಕಿವಿಯಂಥ ಎಲೆಗಳು ಎದ್ದು ಕಂಡಾಗ ಕೈ ತಡೆಯುವುದಿಲ್ಲ, ಆದರೂ ಬಿಡಿ. ಆ ಎಲೆಗಳೇ ಗಡ್ಡೆಗೆ ಊಟ ಹಾಕುವುದು. ಎರಡನೇ ವರ್ಷ ನಾಲ್ಕೈದು ದಂಟು, ಮೂರನೇ ವರ್ಷದಿಂದ ಧಾರಾಳ. ದಪ್ಪ ಹೂದಂಡು ಎದ್ದರೆ ಬುಡದಲ್ಲೇ ಕತ್ತರಿಸಿ. ಐದಾರು ವರ್ಷಕ್ಕೊಮ್ಮೆ ಗಡ್ಡೆ ಅಗೆದು, ತುಂಡಿಗೆ ಒಂದಾದರೂ ಕಣ್ಣು ಇರುವಂತೆ ಸೀಳಿ ಮತ್ತೆ ನೆಡಿ.

ಕೀಳುವಾಗ ಚಾಕು ಬೇಡ. ಕತ್ತರಿಸಿ ಉಳಿದ ಮೋಟು ಕೊಳೆತು ಗಡ್ಡೆಗೂ ತಾಗುತ್ತದೆ. ದಂಟನ್ನು ಬುಡದಲ್ಲಿ ಹಿಡಿದು, ಸ್ವಲ್ಪ ತಿರುಚಿ, ಎಳೆಯಿರಿ. ನೆಲ ಅದನ್ನು ಒಂದು ಕ್ಷಣ ಹಿಡಿದುಕೊಂಡು ಥಟ್ಟನೆ ಬಿಡುತ್ತದೆ. ತುದಿಯಲ್ಲಿ ಬಿಳಿ ಮಿಶ್ರಿತ ಗುಲಾಬಿ ಬಣ್ಣದ, ನುಣ್ಣನೆಯ ಪಾದ ಕಾಣುತ್ತದೆ. ಯಾವಾಗಲೂ ಅರ್ಧದಷ್ಟು ದಂಟು ಗಿಡದಲ್ಲೇ ಇರಲಿ. ಜೂನ್ ಮುಗಿಯುತ್ತಿದ್ದಂತೆ ನಿಲ್ಲಿಸಿ.

ನಮ್ಮ ಯಾರ್ಕ್‌ಶೈರ್ ಸೀಮೆಯಲ್ಲಿ ಇದನ್ನು ಕತ್ತಲಲ್ಲೂ ಬೆಳೆಯುತ್ತಾರೆ. ವೇಕ್‌ಫೀಲ್ಡ್, ಮೋರ್ಲಿ, ರಾಥ್‌ವೆಲ್ ಊರುಗಳ ನಡುವಿನ ಒಂಬತ್ತು ಚದರ ಮೈಲಿಗೆ ‘ರೂಬಾರ್ಬ್ ತ್ರಿಕೋನ’ ಎಂದೇ ಹೆಸರು. ಇಲ್ಲಿನ ಬೆಳೆಗೆ 2010ರಲ್ಲಿ ಯುರೋಪಿಯನ್ ಒಕ್ಕೂಟದ ರಕ್ಷಿತ ಹೆಸರೂ (ಬೇರೆ ಕಡೆಯ ಬೆಳೆ ಬಳಸುವಂತಿಲ್ಲದ ಹೆಸರು) ದೊರೆಯಿತು. ಎರಡು ವರ್ಷ ಹೊಲದಲ್ಲಿ ಬೆಳೆದು ಹಿಮ ಉಂಡ ಗಡ್ಡೆಗಳನ್ನು ಬೆಚ್ಚನೆಯ ಕತ್ತಲ ಕೊಟ್ಟಿಗೆಗೆ ತಂದು, ಮೋಂಬತ್ತಿ ಬೆಳಕಿನಲ್ಲಿ ಕೀಳುತ್ತಾರೆ. ಹಾಗೆ ಬೆಳೆದ ದಂಟು ಎಳೆಯದು, ಹುಳಿ ಕಡಿಮೆ. ಮೊಗ್ಗು ಬಿರಿಯುವ ಚಟಪಟ ಸದ್ದನ್ನು ಆ ಕತ್ತಲಲ್ಲಿ ನಿಂತು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಮನೆಯಲ್ಲಿ ಜನವರಿಯಲ್ಲಿ ಎತ್ತರದ ಬಕೆಟ್ ಕವುಚಿ ಹಾಕಿದರೂ ಬೇಗ ಬೆಳೆ ಸಿಗುತ್ತದೆ. ಆಮೇಲೆ ಆ ಗಡ್ಡೆಗೆ ವಿಶ್ರಾಂತಿ ಕೊಡಬೇಕು.

ಬೆಂಗಳೂರು, ಧಾರವಾಡದಲ್ಲಿ ಇದನ್ನು ಬೆಳೆಯುವ ಆಸೆ ಬೇಡ. ಹಲವು ವಾರ ಕೊರೆಯುವ ಚಳಿ ಸಿಗದಿದ್ದರೆ ಗಡ್ಡೆ ಸರಿಯಾಗಿ ಮಲಗುವುದಿಲ್ಲ, ಮಲಗದೆ ಚೆನ್ನಾಗಿ ಚಿಗುರುವುದೂ ಇಲ್ಲ. ಅಲ್ಲಿ ಪುಂಡಿಯೇ ಇದೆಯಲ್ಲ!

ಇಲ್ಲಿನವರು ಸಕ್ಕರೆ, ಶುಂಠಿ ಹಾಕಿ ಬೇಯಿಸಿ, ಮೇಲೆ ಬೆಣ್ಣೆ ಕಲಸಿದ ಹಿಟ್ಟು ಉದುರಿಸಿ ಕ್ರಂಬಲ್ ಮಾಡುತ್ತಾರೆ. ನನಗೆ ಗೊಜ್ಜೇ ಇಷ್ಟ. ಕಾಲು ಕಿಲೋ ದಂಟನ್ನು ಬೆರಳಗಲ ಹೆಚ್ಚಿ. ಸ್ಟೀಲ್ ಪಾತ್ರೆಯೇ ಇರಲಿ, ಅಲ್ಯೂಮಿನಿಯಂ ಮತ್ತು ಕಬ್ಬಿಣಕ್ಕೆ ಈ ಹುಳಿ ಆಗದು. ಎಣ್ಣೆಯಲ್ಲಿ ಸಾಸಿವೆ, ಚಿಟಿಕೆ ಮೆಂತ್ಯ, ಇಂಗು, ಮೂರು ಬ್ಯಾಡಗಿ ಮೆಣಸಿನಕಾಯಿ ಒಗ್ಗರಿಸಿ ದಂಟು ಹಾಕಿ. ನೀರು ಬೇಡ, ತಾನೇ ನೀರು ಬಿಡುತ್ತದೆ. ಏಳೆಂಟು ನಿಮಿಷದಲ್ಲಿ ಕರಗಿ ಮುದ್ದೆಯಾಗುತ್ತದೆ. ಆಗ ಉಪ್ಪು, ಅರಿಶಿನ, ನಿಂಬೆಗಾತ್ರದ ಎರಡು ಉಂಡೆ ಬೆಲ್ಲ ಹಾಕಿ ಕುದಿಸಿ, ಎಣ್ಣೆ ಅಂಚಿಗೆ ಬಂದಾಗ ಇಳಿಸಿ. ತೊಗರಿಬೇಳೆಯ ಜೊತೆ ಎರಡು ದಂಟು ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪುಂಡಿಪಲ್ಯದ ನೆನಪು ತರುವ ತೊವ್ವೆ. ಬೆಳೆ ಮಿಕ್ಕರೆ ಹೆಚ್ಚಿ, ಹಸಿಯಾಗಿಯೇ ಫ್ರೀಜರ್‌ನಲ್ಲಿಡಿ. ಡಿಸೆಂಬರ್‌ನ ರೊಟ್ಟಿಗೂ ಗೊಜ್ಜು ಇರುತ್ತದೆ.